ಮಾವ್ರಿನಾ ನೆನಪಿನಿಂದ ಬರೆದ ಪಟ್ಟಣ

ಮಾಸ್ಕೋದಿಂದ ಸುಮಾರು 70 ಕಿಲೋಮೀಟರ್ ದೂರದ ಸೆರ್ಗಿಯೆವ್ ಪೊಸಾದ್‌ಗೆ ಚಳಿಗಾಲದ ಒಂದು ಬೆಳಿಗ್ಗೆ ಲೋಕಲ್ ರೈಲು ಹತ್ತಿದಾಗ, ಅಲ್ಲಿನ ಮಠದ ದರ್ಶನಕ್ಕಿಂತ, ಚಿತ್ರಕಲಾವಿದೆ ತತ್ಯಾನಾ ಮಾವ್ರಿನಾ ಅದನ್ನು ಹೇಗೆ ಕಂಡಿರಬಹುದೆಂಬ ಕುತೂಹಲವೇ ನನ್ನಲ್ಲಿ ಹೆಚ್ಚಾಗಿತ್ತು. ಸೋವಿಯತ್ ಕಾಲದಲ್ಲಿ ಜಾಗೊರ್ಸ್ಕ್ ಎನಿಸಿಕೊಂಡಿದ್ದ ಈ ಊರಿಗೆ ಆಕೆ ಮತ್ತೆ ಮತ್ತೆ ಬಂದು ಚಿತ್ರ ಬರೆದಿದ್ದರು.

ಕೋಟೆಗೋಡೆಯ ಬಾಗಿಲು ದಾಟಿದೊಡನೆ ಉಸ್ಪೆನ್‌ಸ್ಕಿ ಚರ್ಚಿನ ಗುಮ್ಮಟಗಳು ಕಾಣಿಸಿದವು: ನಡುವೆ ಚಿನ್ನದ್ದೊಂದು, ಸುತ್ತ ಚಿನ್ನದ ನಕ್ಷತ್ರಗಳಿರುವ ನಾಲ್ಕು ನೀಲಿಯವು. ಸನ್ಯಾಸಿಗಳ ಭೋಜನಶಾಲೆಯ ಹೊರಗೋಡೆಯ ತುಂಬ ಬಣ್ಣಬಣ್ಣದ ಚೌಕಗಳು. ಪುಷ್ಕಿನ್ನರ ‘ರುಸ್ಲಾನ್ ಮತ್ತು ಲ್ಯುದ್ಮಿಲಾ’ ಕಾವ್ಯಕ್ಕೆ ಮಾವ್ರಿನಾ ಬರೆದ ಚಿತ್ರಗಳ ಉಜ್ವಲ ವರ್ಣಗಳು ಈ ನೆಲದಲ್ಲಿ ಮೊದಲೇ ಇದ್ದವು.

ನಿಜ್ನಿ ನೊವ್‌ಗೊರದ್‌ನಲ್ಲಿ ಹುಟ್ಟಿ, ಮಾಸ್ಕೋದ ವ್ಖುತೆಮಾಸ್ ಕಲಾಶಾಲೆಯಲ್ಲಿ ಕಲಿತ ಆಕೆ, ‘ಹದಿಮೂರು’ ಎಂಬ ಕಲಾವಿದರ ಗುಂಪಿನಲ್ಲಿದ್ದವರು. 1930ರ ದಶಕದ ಆರಂಭದಲ್ಲಿ ಆ ಗುಂಪು ಕಟುವಾದ ಟೀಕೆಗೆ ಗುರಿಯಾಯಿತು. ಮುಂದೆ 1941ರಲ್ಲಿ ಮಾಸ್ಕೋದ ಮೇಲೆ ಬಾಂಬುಗಳು ಬೀಳತೊಡಗಿದಾಗ, ಹಳೆಯ ಕಟ್ಟಡಗಳು ಅಳಿದುಹೋಗುವ ಮೊದಲೇ ಅವನ್ನು ಕಾಗದದ ಮೇಲೆ ಉಳಿಸಿಕೊಳ್ಳಬೇಕೆಂದು ಹೊರಟರು. ಬೀದಿಯಲ್ಲಿ ನಿಂತು ಚಿತ್ರ ಬರೆಯುವುದು ಕಷ್ಟವಾಗಿದ್ದ ಆ ದಿನಗಳಲ್ಲಿ, ಕಂಡದ್ದನ್ನು ಮನಸ್ಸಿನಲ್ಲಿ ತುಂಬಿಕೊಂಡು ಮನೆಗೆ ಬಂದು ಬರೆಯುತ್ತಿದ್ದರು.

ಈ ಕ್ರಮವನ್ನು ಅರಿಯಬೇಕೆಂದೇ ನಾನು ಮಠದ ಅಂಗಳದಲ್ಲಿ ಪೆನ್ಸಿಲು ಮುಟ್ಟಲಿಲ್ಲ. ಬಹಳ ಹೊತ್ತು ನೋಡುತ್ತ ಅಡ್ಡಾಡಿ, ಮರಳುವ ರೈಲಿನಲ್ಲಿ ಬಣ್ಣದ ಪೆನ್ಸಿಲುಗಳನ್ನು ತೆರೆದೆ. ಮೊದಲು ಒದಗಿದ್ದು ನೀಲಿ, ಆಮೇಲೆ ಚಿನ್ನ, ಅದರ ನಂತರ ಗುಮ್ಮಟಗಳ ಮೇಲೆ ಹಾರುತ್ತಿದ್ದ ಕಾಗೆಗಳು; ಕಿಟಕಿಗಳ ಲೆಕ್ಕವಾಗಲಿ ಗೋಡೆಗಳ ದೂರ ಸಮೀಪವಾಗಲಿ ಕೈಗೆ ಬರಲೇ ಇಲ್ಲ. ನೆನಪು ಅಳತೆಗಳನ್ನು ಬಿಟ್ಟು ಬಣ್ಣವನ್ನು ಹಿಡಿದುಕೊಳ್ಳುತ್ತದೆಯೆಂದು ಆಗ ಸ್ಪಷ್ಟವಾಯಿತು. ಮಾವ್ರಿನಾರ ಪುಟಗಳಲ್ಲಿ ಮನೆಗಿಂತ ಕುದುರೆ ದೊಡ್ಡದಾಗಿರುವುದಕ್ಕೆ, ರಸ್ತೆ ಎದ್ದು ಆಕಾಶದತ್ತ ನಡೆಯುವುದಕ್ಕೆ ರಷ್ಯದ ಜನಪದ ಆಟಿಕೆಗಳ ಮೇಲೆ ಆಕೆಗಿದ್ದ ಪ್ರೀತಿಯನ್ನು ಕಾರಣವಾಗಿ ಹೇಳುವುದುಂಟು. ಅದು ನಿಜ, ಆದರೆ ಯುದ್ಧಕಾಲದ ಆ ಅಭ್ಯಾಸದ ಪಾಲೂ ಅಷ್ಟೇ ದೊಡ್ಡದೆಂದು ನಾನು ದೃಢವಾಗಿ ನಂಬುತ್ತೇನೆ.

ಮಕ್ಕಳ ಪುಸ್ತಕಗಳ ಚಿತ್ರಗಳಿಗಾಗಿ 1976ರಲ್ಲಿ ಆಕೆಗೆ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ದೊರೆಯಿತು. ಆಕೆ ಚಿತ್ರಿಸಿದ ಸುಜ್ದಾಲ್, ರೊಸ್ತೋವ್, ಪೆರೆಸ್ಲಾವ್ಲ್ ಪಟ್ಟಣಗಳಿಗೂ ಹೀಗೆಯೇ ಹೋಗಿ, ನೋಡಿ, ಮರಳುವ ದಾರಿಯಲ್ಲಿ ನೆನಪಿನಿಂದ ಬರೆಯುವ ಆಸೆ ನನಗಿದೆ.