ಅಕ್ಕಿಯ ಕಾರ್ಡೇ ಆಸ್ಪತ್ರೆಗೂ ಕಾರ್ಡು

ಬಿಪಿಎಲ್ ಕಾರ್ಡಿಗೆ ಮನೆಯ ವರ್ಷದ ಆದಾಯ 1.20 ಲಕ್ಷ ರೂಪಾಯಿ ದಾಟಬಾರದು. ಅಂದರೆ ತಿಂಗಳಿಗೆ 10,000. ನಮ್ಮ ಕಟಪಾಡಿ ಕಡೆ ಗಂಡ ಹೆಂಡತಿ ಇಬ್ಬರೂ ದುಡಿಯುವ ಎಷ್ಟು ಮನೆ ಇದರೊಳಗೆ ಬಂದೀತು? ನನ್ನವರು ಟೆಂಪೋ ಸಾಲಕ್ಕೆ ಬೇಕೆಂದು ಆದಾಯ ತೆರಿಗೆ ರಿಟರ್ನ್ಸ್ ಹಾಕಿದರು. ಆಮೇಲೆ ನಮ್ಮ ಕಾರ್ಡು ಎಪಿಎಲ್ ಆಯಿತು, ಅಕ್ಕಿ ನಿಂತಿತು.

ಕಳೆದ ಮಳೆಗಾಲದಲ್ಲಿ ಮಾವನಿಗೆ ಎದೆನೋವು ಬಂತು. ಉಡುಪಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಹಾಕಿದರು. ಪಕ್ಕದ ಮಂಚದವರು ಮಲ್ಪೆಯ ಬೋಟಿನಲ್ಲಿ ದುಡಿಯುವವರು. ಅವರಿಗೂ ಅದೇ ಕಾಯಿಲೆ, ಅದೇ ಚಿಕಿತ್ಸೆ. ಅವರ ಹೆಂಡತಿ ರೇಷನ್ ಕಾರ್ಡು, ಆಧಾರ್ ಎಲ್ಲವನ್ನೂ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು, ಮಳೆಗೆ ಒದ್ದೆಯಾಗಬಾರದೆಂದು. ರಾತ್ರಿ ಕೌಂಟರಿನಲ್ಲಿದ್ದವರು, "ಸರಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ತನ್ನಿ" ಅಂದರಂತೆ. ರೇಷನ್ ಕಾರ್ಡು ನೋಡಿ ಚಿಕಿತ್ಸೆ ಕೊಡುವ ಸರಕಾರಿ ಯೋಜನೆಯಲ್ಲಿ ತುರ್ತು ಚಿಕಿತ್ಸೆಗೆ ರೆಫರಲ್ ಬೇಕಿಲ್ಲ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಆ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರ ಬಂದು ಸರಿಮಾಡುವವರೆಗೂ ಆ ಅಮ್ಮ ಒಂದು ಗುಟುಕು ನೀರು ಕುಡಿದಿರಲಿಲ್ಲ. ಇದನ್ನು ಓದುವವರು ದಯವಿಟ್ಟು ನಾಲ್ಕು ಜನರಿಗೆ ಹೇಳಿ. ಎದೆನೋವಿನವರನ್ನು ಬಿಟ್ಟು ಕಾಗದಕ್ಕೆ ಓಡುವ ಹೊತ್ತಲ್ಲ ಅದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಅವರು ಒಂದು ಪೈಸೆ ಕೊಡದೆ ಮನೆಗೆ ಹೋದರು. ನನಗೆ ನಿಜವಾಗಿ ಖುಷಿಯಾಯಿತು. ಹೊರಡುವಾಗ ಆಕೆ ನನ್ನ ಕೈ ಹಿಡಿದು, "ನೀವು ಎಂಥ ಮಾಡ್ತೀರಿ ಅಕ್ಕಾ, ನಿಮ್ಮದೂ ನಮ್ಮ ಹಾಗೇ ಅಲ್ವಾ?" ಅಂದರು.

ಹೌದು, ಅವರ ಹಾಗೆಯೇ. ಆದರೆ ಎಪಿಎಲ್‌ನವರಿಗೆ ಸರಕಾರ ಕೊಡುವುದು ಶೇ. 30, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಅದೂ ಆಸ್ಪತ್ರೆಯ ಬಿಲ್ಲಿನ ಶೇ. 30 ಅಲ್ಲ, ಸರಕಾರ ನಿಗದಿಮಾಡಿದ ಪ್ಯಾಕೇಜ್ ದರದ ಶೇ. 30. ಖಾಸಗಿ ಬಿಲ್ಲಿನ ಎದುರು ಅದು ಎಲ್ಲಿಗೂ ಸಾಲಲಿಲ್ಲ. ನನ್ನ ಬಳೆ, ಅತ್ತೆಯ ಕರಿಮಣಿ ಎರಡೂ ಈಗ ಸೊಸೈಟಿಯಲ್ಲಿ ಅಡವಿಗಿವೆ. ಕರಿಮಣಿ ಬಿಚ್ಚುವಾಗ ಅತ್ತೆ ಏನೂ ಹೇಳಲಿಲ್ಲ. ಒಂದು ಅರಶಿನ ದಾರಕ್ಕೆ ತಾಳಿ ಪೋಣಿಸಿಕೊಂಡು ಅಡುಗೆಮನೆಗೆ ಹೋದರು.

ನಾನು ಕೇಳುವುದು ಇಷ್ಟೇ. ಅಕ್ಕಿ ಕೊಂಡು ಉಣ್ಣುವ ಶಕ್ತಿ ನಮಗಿದೆ, ಅದನ್ನು ಇಲ್ಲದವರಿಗೇ ಕೊಡಿ. ಆದರೆ ಅಕ್ಕಿಗೆ ಹಾಕಿದ ಗೆರೆಯನ್ನೇ ಹೃದಯದ ಚಿಕಿತ್ಸೆಗೂ ಯಾಕೆ ಹಾಕಬೇಕು? ತಿಂಗಳಿಗೆ 20,000 ದುಡಿಯುವ ಮನೆ ಅಕ್ಕಿ ಕೊಂಡೀತು, ಆಂಜಿಯೋಪ್ಲಾಸ್ಟಿ ಕೊಳ್ಳಲಾರದು. ಆಸ್ಪತ್ರೆಗೆ ಬೇರೆಯೇ ಆದಾಯ ಮಿತಿ ಇರಲಿ, ಶೇ. 30 ಮತ್ತು ಪೂರ್ತಿ ಉಚಿತದ ನಡುವೆ ಇನ್ನೊಂದೆರಡು ಮೆಟ್ಟಿಲಿರಲಿ. ನಮ್ಮ ಶಾಸಕರಿಗೆ ಇದನ್ನೇ ಬರೆದು ಕೊಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ನೀವೂ ಬರೆಯಿರಿ, ಬಿಲ್ಲಿನ ಜೆರಾಕ್ಸ್ ಜೊತೆಗಿಡಿ.