ಏಪ್ರಿಲ್ 12: ಲಂಕಾದ ಸಾಲ, ಭಾವನ ಫೋನ್

12 ಏಪ್ರಿಲ್ 2025, ಶನಿವಾರ

ಬೆಳಿಗ್ಗೆ ಭಾವ ಫೋನ್ ಮಾಡಿದ್ದರು. ಅಕ್ಕನ ಮಂಡಿನೋವು, ಮಕ್ಕಳ ಪರೀಕ್ಷೆ, ಎಲ್ಲ ಎರಡು ಮಾತಿನಲ್ಲಿ ಮುಗಿಯಿತು. ಆಮೇಲೆ ಎಂದಿನಂತೆ ದೇಶದ ವಿಷಯ. ಟ್ರಂಪ್ ಸುಂಕವನ್ನು 90 ದಿನ ಮುಂದೆ ಹಾಕಿದ್ದು, ಹೋದ ವಾರ ಮೋದಿ ಕೊಲಂಬೋಗೆ ಹೋಗಿ ಬಂದಿದ್ದು, ಅಲ್ಲಿ ರಕ್ಷಣಾ ಒಪ್ಪಂದ ಆಗಿದ್ದು. ಭಾವನಿಗೆ ತುಂಬಾ ಖುಷಿ. "ನೋಡಿದ್ಯಾ, ಲಂಕಾದವರು ಚೀನಾ ಹತ್ತಿರ ಸಾಲ ಮಾಡಿ ಮುಳುಗಿದ್ರು. ಕೊನೆಗೆ ಕೈ ಹಿಡಿದಿದ್ದು ನಾವೇ. ಇನ್ನಾದ್ರೂ ಬುದ್ಧಿ ಬಂದಿದ್ರೆ ಸಾಕು" ಅಂದರು.

ಭಾವನ ಮಾತಿಗೆ ನಾನು ಎದುರಾಡುವುದು ಕಡಿಮೆ. ಇವತ್ತು ಸುಮ್ಮನಿರಲು ಆಗಲಿಲ್ಲ. ಮೂರು ವರ್ಷದ ಹಿಂದೆ ಇದೇ ಏಪ್ರಿಲ್ 12ರಂದು, ಹೊಸ ವರ್ಷದ ಹಬ್ಬಕ್ಕೆ ಎರಡು ದಿನ ಇರುವಾಗ, ವಿದೇಶಿ ಸಾಲ ಕಟ್ಟಲು ಇನ್ನು ನಮ್ಮಿಂದ ಆಗದು ಎಂದು ಶ್ರೀಲಂಕಾ ಸರ್ಕಾರ ಹೇಳಿಬಿಟ್ಟಿತು. 1948ರಲ್ಲಿ ಸ್ವತಂತ್ರವಾದ ಮೇಲೆ ಹಾಗಾಗಿದ್ದು ಅದೇ ಮೊದಲು.

"ಭಾವ, ಚೀನಾ ಸಾಲ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಸರ್ಕಾರದ ವಿದೇಶಿ ಸಾಲದಲ್ಲಿ ಅದು ಐದನೇ ಒಂದು ಪಾಲಿನಷ್ಟು. ಬಾಂಡ್ ಸಾಲ, ಅಂದ್ರೆ ಮಾರುಕಟ್ಟೆಯಲ್ಲಿ ಸಾಲಪತ್ರ ಮಾರಿ ಎತ್ತಿದ್ದು, ಅದಕ್ಕಿಂತ ದೊಡ್ಡದು, ಸುಮಾರು ಮೂರನೇ ಒಂದು ಪಾಲು. ಅದನ್ನ ಕೊಟ್ಟಿದ್ದು ಯಾವ ದೇಶಾನೂ ಅಲ್ಲ, ಹೆಚ್ಚಾಗಿ ಪಶ್ಚಿಮದ ದೊಡ್ಡ ದೊಡ್ಡ ಫಂಡುಗಳು" ಅಂದೆ.

"ಮತ್ತೆ ಹಂಬನ್‌ತೋಟ?" ತಕ್ಷಣ ಕೇಳಿದರು. ಎಲ್ಲರೂ ಬಂದು ನಿಲ್ಲುವುದು ಇಲ್ಲೇ. 2017ರಲ್ಲಿ ಲಂಕಾದ ಆ ಬಂದರನ್ನು ಚೀನಾದ ಕಂಪನಿಗೆ 99 ವರ್ಷ ಗುತ್ತಿಗೆಗೆ ಕೊಟ್ಟಿದ್ದು ನಿಜ. ಆದರೆ ಬಂದರು ಕಟ್ಟಲು ತಂದ ಚೀನಾದ ಸಾಲ ಅದರಿಂದ ತೀರಲಿಲ್ಲ, ಹಾಗೇ ಉಳಿಯಿತು. ಗುತ್ತಿಗೆಯಿಂದ ಬಂದ 1.12 ಶತಕೋಟಿ ಡಾಲರ್ ಖಾಲಿಯಾಗುತ್ತಿದ್ದ ವಿದೇಶಿ ವಿನಿಮಯ ಮೀಸಲಿಗೆ ಹೋಯಿತು. ಆಗಲೇ ಡಾಲರಿಗೆ ಅಷ್ಟು ಬರ ಇತ್ತು.

ಇದನ್ನು ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ, ಭಾವನಿಗೆ ಯಾವುದೋ ಕರೆ ಬಂತು. ಇಡೀ ದಿನ ತಲೆಯಲ್ಲಿ ಅದೇ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಶುರುವಾಗಿದ್ದು 2007ರಲ್ಲಿ, 50 ಕೋಟಿ ಡಾಲರಿನ ಮೊದಲ ಬಾಂಡ್. ಆಮೇಲೆ ಒಂದರ ಹಿಂದೆ ಒಂದು. ಹೆಚ್ಚಿನವಕ್ಕೆ ಶೇ 6ರಿಂದ 8ರ ನಡುವೆ ಬಡ್ಡಿ, ಅದೂ ಡಾಲರಿನಲ್ಲಿ. ಈ ಸಾಲದಲ್ಲಿ ಯಾರೂ ಬಂದು ಸೇತುವೆ ಕಟ್ಟಲ್ಲ, ಬಂದರು ಕಟ್ಟಲ್ಲ, ಹಾಗಾಗಿ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಅವಧಿ ಮುಗಿದ ದಿನ ಪೂರ್ತಿ ಅಸಲು ಒಂದೇ ಗಂಟಿನಲ್ಲಿ ಕೊಡಬೇಕು. ಕೊಡಲು ಇನ್ನೊಂದು ಬಾಂಡ್ ಮಾರಬೇಕು. 2019ರ ಈಸ್ಟರ್ ಬಾಂಬ್ ಸ್ಫೋಟದಿಂದ ಪ್ರವಾಸಿಗರು ಕಡಿಮೆಯಾದರು. ಆ ವರ್ಷದ ಕೊನೆಗೆ ಹೊಸ ಸರ್ಕಾರ ವ್ಯಾಟ್ ಅನ್ನು ಶೇ 15ರಿಂದ 8ಕ್ಕೆ ಇಳಿಸಿತು. ಮುಂದೆ ಕೋವಿಡ್. ಹೊಸ ಬಾಂಡ್ ಕೊಳ್ಳುವವರೇ ಇಲ್ಲವಾದರು. 2021ರಲ್ಲಿ ರಾಸಾಯನಿಕ ಗೊಬ್ಬರ ನಿಷೇಧ ಬೇರೆ. ಈ ತೆರಿಗೆ ಕಡಿತ, ಗೊಬ್ಬರ ನಿಷೇಧ ಎರಡೂ ಅಲ್ಲಿನ ಆಳುವವರೇ ಮಾಡಿದ್ದು. ಅದಕ್ಕೆ ಹೊರಗಿನವರ ಮೇಲೆ ತಪ್ಪು ಹೊರಿಸಲು ಆಗಲ್ಲ.

ಆದರೆ 2022ರ ಜನವರಿಯಲ್ಲಿ ಮಾಡಿದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ದೇಶದಲ್ಲಿ ಆಗಲೇ ಡಾಲರ್ ಇಲ್ಲ, ಹಾಲಿನ ಪುಡಿಗೆ, ಗ್ಯಾಸಿಗೆ ಪರದಾಟ. ಆಗ ಒಂದು ಬಾಂಡ್ ತೀರಿಸಲು 50 ಕೋಟಿ ಡಾಲರ್ ಕಟ್ಟಿದರು. ಬೇಡ, ಈ ದುಡ್ಡನ್ನು ಔಷಧಿಗೆ ಇಂಧನಕ್ಕೆ ಇಟ್ಟುಕೊಳ್ಳಿ ಎಂದು ಅಲ್ಲೇ ಎಷ್ಟೋ ಜನ ಹೇಳಿದ್ದರು. ಮಾರ್ಚ್ ಹೊತ್ತಿಗೆ ಲೆಕ್ಕದಲ್ಲಿ 1.9 ಶತಕೋಟಿ ಡಾಲರ್ ಮೀಸಲು ಇತ್ತು. ಅದರಲ್ಲಿ ಸುಮಾರು 1.5 ಶತಕೋಟಿಯಷ್ಟು ಚೀನಾದ ಕೇಂದ್ರ ಬ್ಯಾಂಕಿನ ಜೊತೆ ಹಣ ಅದಲುಬದಲು ಮಾಡಿ ಪಡೆದ ಯುವಾನ್, ಅಂದರೆ ಚೀನಾದ ಹಣ. ಮೂರು ತಿಂಗಳ ಆಮದಿಗೆ ಆಗುವಷ್ಟು ಮೀಸಲು ಇದ್ದರೆ ಮಾತ್ರ ಅದನ್ನು ಮುಟ್ಟಬಹುದು ಎಂಬ ಷರತ್ತು ಬೇರೆ! ಅಷ್ಟು ಮೀಸಲು ಇದ್ದಿದ್ದರೆ ಅದನ್ನು ಮುಟ್ಟುವ ಅಗತ್ಯವೇ ಇರುತ್ತಿರಲಿಲ್ಲ, ಅಲ್ವಾ?

ನಮ್ಮ ಟೀಮಿನ ಲಂಕಾದ ಹುಡುಗಿಯ ಬಗ್ಗೆ ಹಿಂದೆ ಬರೆದಿದ್ದೆ. ಹಬ್ಬಕ್ಕೆ ರಜೆ ಹಾಕಿ ಊರಿಗೆ ಹೋಗಿದ್ದಾಳೆ. ಸಂಜೆ ಅವಳಿಗೆ ಶುಭಾಶಯ ಹೇಳಲು ಫೋನ್ ಮಾಡಿದೆ. ಮಾತು ಅಲ್ಲಿಗೇ ಹೋಯಿತು. ಅವಳ ಅಪ್ಪ ತ್ರೀವೀಲರ್ ಓಡಿಸುತ್ತಾರೆ. 2022ರ ಜೂನ್ ಕೊನೆಗೆ ಸರ್ಕಾರ ಅಗತ್ಯ ಸೇವೆಗಳಿಗೆ ಬಿಟ್ಟು ಬೇರೆಯವರಿಗೆ ಇಂಧನ ಮಾರುವುದನ್ನೇ ನಿಲ್ಲಿಸಿತಲ್ಲ, ಆಗ ಗಾಡಿಯನ್ನು ಬಂಕಿನ ಸಾಲಿನಲ್ಲೇ ಬಿಟ್ಟು ಅಪ್ಪ, ಅಣ್ಣ ಪಾಳಿ ಹಾಕಿಕೊಂಡು ಮಲಗುತ್ತಿದ್ದರಂತೆ. ಆಮೇಲೆ ಕ್ಯೂಆರ್ ಕೋಡ್ ಬಂತು. ತ್ರೀವೀಲರಿಗೆ ವಾರಕ್ಕೆ 5 ಲೀಟರ್. "ಐದು ಲೀಟರಿನಲ್ಲಿ ಅಪ್ಪ ಎಷ್ಟು ಬಾಡಿಗೆ ಹೊಡೆಯಬೇಕು ಹೇಳಿ? ಎರಡು ದಿನ ಗಾಡಿ, ಐದು ದಿನ ಮನೆ" ಅಂದಳು. ಆ ವರ್ಷ ಮಾರ್ಚಿನಲ್ಲಿ ಕಾಗದ ಇಲ್ಲ ಎಂದು ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಪರೀಕ್ಷೆಯನ್ನೇ ಮುಂದೂಡಿದ್ದರು. ಅವಳ ತಂಗಿ ಆಗ ಶಾಲೆಯಲ್ಲಿದ್ದಳು.

ನಾನು ಕೇಳಿದೆ, ಈಗ ಎಲ್ಲ ಸರಿಹೋಯಿತಾ?

"ಕ್ಯೂ ಇಲ್ಲ. ಆದರೆ ಅಮ್ಮನ ಇಪಿಎಫ್ ವಿಷಯ ತೆಗೆದರೆ ಮನೆಯಲ್ಲಿ ಜಗಳ ಆಗುತ್ತದೆ" ಅಂದಳು.

ಇದನ್ನೇ ಹೇಳಬೇಕು ಅಂತ ಇಷ್ಟೆಲ್ಲ ಬರೆದೆ ಅನಿಸುತ್ತಿದೆ. ಅವಳ ಅಮ್ಮ ಕೊಲಂಬೋ ಹತ್ತಿರದ ಕಟುನಾಯಕದಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದವರು. ವರ್ಷಗಟ್ಟಲೆ ಹೊಲಿಗೆ ಯಂತ್ರದ ಮುಂದೆ ಕೂತು ಕೂಡಿಟ್ಟಿದ್ದು ಆ ಭವಿಷ್ಯ ನಿಧಿಯ ಹಣ. ನಿಧಿಯ ದುಡ್ಡು ಹೆಚ್ಚಾಗಿ ಇರುವುದು ಸರ್ಕಾರದ ಬಾಂಡುಗಳಲ್ಲೇ. 2023ರ ಜುಲೈನಲ್ಲಿ ದೇಶದೊಳಗಿನ ಸಾಲದ ಷರತ್ತುಗಳನ್ನೂ ಬದಲಾಯಿಸಬೇಕು ಎಂದು ಸಂಸತ್ತು ಒಪ್ಪಿಗೆ ಕೊಟ್ಟಿತು. ಬ್ಯಾಂಕುಗಳ ಬಾಂಡ್ ಮುಟ್ಟಲಿಲ್ಲ, ಬ್ಯಾಂಕು ಕುಸಿದರೆ ಎಲ್ಲರೂ ಕುಸಿಯುತ್ತಾರೆ ಎಂಬ ಕಾರಣ ಕೊಟ್ಟರು. ಬದಲಿಗೆ ನಿವೃತ್ತಿ ನಿಧಿಗಳ ಹತ್ತಿರ ಹೋದರು. ಹಳೆ ಬಾಂಡ್ ಕೊಟ್ಟು ಹೊಸದು ತಗೊಳ್ಳಿ, ಮೊದಲಿಗೆ ಶೇ 12 ಬಡ್ಡಿ, ಆಮೇಲೆ ಅವಧಿ ಮುಗಿಯುವವರೆಗೂ ಶೇ 9. ಒಪ್ಪದಿದ್ದರೆ ನಿಧಿಯ ಆದಾಯದ ಮೇಲಿನ ತೆರಿಗೆ ಶೇ 14ರಿಂದ 30ಕ್ಕೆ. ಇದಕ್ಕೆ ಆಯ್ಕೆ ಅನ್ನುತ್ತಾರಾ?

ಅಸಲು ಕಡಿಮೆ ಆಗಲ್ಲ, ಶೇ 9 ಬಡ್ಡಿ ಖಾತ್ರಿ ಎಂದು ಸರ್ಕಾರ ಹೇಳಿತು. ಆದರೆ 2022ರ ಸೆಪ್ಟೆಂಬರಿನಲ್ಲಿ ಕೊಲಂಬೋದ ಬೆಲೆ ಏರಿಕೆ ಶೇ 69.8. ಡಾಲರಿಗೆ 200 ರೂಪಾಯಿ ಇದ್ದದ್ದು 360ಕ್ಕೆ ಹೋಗಿತ್ತು. ಅವಳ ಅಮ್ಮನ ಉಳಿತಾಯ ಅಲ್ಲೇ ಅರ್ಧ ಕರಗಿತ್ತು. ಉಳಿದಿದ್ದರ ಬಡ್ಡಿಗೂ ಕೈ ಹಾಕಿದರು. ಬಾಂಡ್ ಮಾರಿದಾಗ ಆ ತಾಯಿಯನ್ನು ಯಾರಾದರೂ ಕೇಳಿದ್ದರಾ? ಆ ದುಡ್ಡು ಎಲ್ಲಿ ಹೋಯಿತು ಅಂತ ಲೆಕ್ಕ ಒಪ್ಪಿಸಿದ್ದರಾ?

ಆಚೆ ಡಾಲರ್ ಬಾಂಡ್ ಹಿಡಿದವರ ಜೊತೆ ಮಾತು 2024ರ ಡಿಸೆಂಬರ್ ತನಕ ಎಳೆಯಿತು. ಸುಮಾರು 12.5 ಶತಕೋಟಿ ಡಾಲರಿನ ಬಾಂಡಿಗೆ ಅವರು ಅಸಲಿನಲ್ಲಿ ಶೇ 27 ಬಿಟ್ಟರು. ಆದರೆ ದೇಶದ ಆರ್ಥಿಕತೆ ಅಂದಾಜಿಗಿಂತ ಚೆನ್ನಾಗಿ ಬೆಳೆದರೆ ಅವರಿಗೆ ಜಾಸ್ತಿ ಕೊಡಬೇಕು ಎಂದೂ ಬರೆಸಿಕೊಂಡರು. ಬೆಳೆದರೆ ಅವರಿಗೆ ಪಾಲಿದೆ. ಅಮ್ಮನ ನಿಧಿಗೆ ಅಂಥ ಪಾಲು ಏನೂ ಇಲ್ಲ. ಇದು ನ್ಯಾಯ ಅಲ್ಲ. ಎಷ್ಟು ಯೋಚಿಸಿದರೂ ನನಗೆ ನ್ಯಾಯ ಅನಿಸಲ್ಲ.

ನಾವು ಕೈ ಹಿಡಿದಿದ್ದು ಸುಳ್ಳಲ್ಲ ಭಾವ. 2022ರಲ್ಲಿ ಭಾರತ ಸುಮಾರು 4 ಶತಕೋಟಿ ಡಾಲರಿನ ನೆರವು ಕೊಟ್ಟಿತು. ಆ ಹುಡುಗಿಯೂ ಅದನ್ನು ಮನಸಾರೆ ನೆನೆಯುತ್ತಾಳೆ. ಆದರೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಅಧಿಕಾರಿಗಳ ಜೊತೆ ಸಾಲದ ಒಪ್ಪಂದ ಆಗಿದ್ದು 2022ರ ಸೆಪ್ಟೆಂಬರ್ 1ಕ್ಕೆ, ಮಂಡಳಿ ಒಪ್ಪಿಗೆ ಕೊಟ್ಟಿದ್ದು 2023ರ ಮಾರ್ಚ್ 20ಕ್ಕೆ. ನಡುವೆ ಆರು ತಿಂಗಳಿಗೂ ಹೆಚ್ಚು ಕಾಲ ನಮ್ಮ ಸಾಲ ಸಡಿಲಿಸುತ್ತೇವೆ ಎಂದು ಸಾಲ ಕೊಟ್ಟ ದೇಶಗಳು ಕೊಡುವ ಭರವಸೆ ಪತ್ರಕ್ಕೆ ಕಾಯಬೇಕಾಯಿತು. ಭಾರತ ಜನವರಿಯಲ್ಲಿ ಕೊಟ್ಟಿತು, ಚೀನಾ ಕೊಟ್ಟ ಪತ್ರ ಸಾಕಾಗಲ್ಲ ಎಂದು ಮತ್ತೆ ಮಾತುಕತೆ ನಡೆದು ಮಾರ್ಚಿನಲ್ಲಿ ಸರಿಹೋಯಿತು. ನಾನು ಸಾಲ ಬಿಟ್ಟುಕೊಟ್ಟರೆ ಆ ದುಡ್ಡು ಸಾಲ ಕೊಟ್ಟ ಇನ್ನೊಬ್ಬನಿಗೆ ಹೋಗುತ್ತದೆ ಎಂಬ ಅನುಮಾನ ಎಲ್ಲರಿಗೂ.

ತಲೆ ಸಿಡಿಯುತ್ತಿತ್ತು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಎದ್ದೆ. ಸುದ್ದಿ ನೋಡಿದರೆ ಮತ್ತೆ ಸುಂಕ. ಲಂಕಾಕ್ಕೆ ಶೇ 44 ಅಂತ ಬರೆದಿದ್ದರು. ಅವರ ಸಿದ್ಧ ಉಡುಪಿನ ರಫ್ತಿನಲ್ಲಿ ಹೆಚ್ಚುಕಡಿಮೆ ಶೇ 40 ಅಮೆರಿಕಕ್ಕೆ ಹೋಗುತ್ತದೆ. ಕಟುನಾಯಕದ ಹೆಣ್ಣುಮಕ್ಕಳು ಹೊಲಿದ ಬಟ್ಟೆಯಿಂದ ಬಂದ ಡಾಲರಿನಲ್ಲೇ ಈ ಸಾಲ ತೀರಬೇಕು, ಆ ಬಟ್ಟೆಗೇ ಸುಂಕ! 90 ದಿನ ಟೈಮ್ ಸಿಕ್ಕಿದೆ ಎಂದು ಖುಷಿಪಡಲು ಏನಿದೆ? ಈಗ ಮೀಸಲು 6 ಶತಕೋಟಿ ಡಾಲರ್ ದಾಟಿದೆ, ಒಳ್ಳೆಯದೇ. ಆದರೆ ದೇಶಗಳಿಂದ ತಂದ ಸಾಲದ ಅಸಲು ಕಟ್ಟುವುದು ಶುರುವಾಗುವುದು 2028ರಲ್ಲಿ.

1991ರಲ್ಲಿ ನಮ್ಮದೂ ಇದೇ ಪಾಡಾಗಿತ್ತು. ಮೂರು ವಾರದ ಆಮದಿಗೂ ಡಾಲರ್ ಸಾಕಾಗದ ಸ್ಥಿತಿ. ರಿಸರ್ವ್ ಬ್ಯಾಂಕ್ 47 ಟನ್ ಬಂಗಾರವನ್ನು ಇಂಗ್ಲೆಂಡಿಗೆ ಸಾಗಿಸಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ಪಡೆಯಿತು. ಆಗ ನಮ್ಮ ಸಾಲ ಹೆಚ್ಚಾಗಿ ಸರ್ಕಾರಗಳ ಹತ್ತಿರ, ವಿಶ್ವಬ್ಯಾಂಕಿನಂಥ ಸಂಸ್ಥೆಗಳ ಹತ್ತಿರ ಇತ್ತು, ಸರ್ಕಾರ ಡಾಲರ್ ಬಾಂಡ್ ಮಾರಿರಲಿಲ್ಲ. ಬಾಂಡ್ ಹಿಡಿದ ಸಾವಿರಾರು ಜನರ ಜೊತೆ ಮಾತಾಡುವ ಗತಿ ನಮಗೆ ಬರಲಿಲ್ಲ. ಭಾವನಿಗೆ ಇದನ್ನು ಹೇಳಬೇಕಿತ್ತು. ನಾಳೆ ಹೇಳುತ್ತೇನೆ.

ಲಂಕಾ ಒಂದೇ ಅಲ್ಲ. ಆಫ್ರಿಕಾದ ಜಾಂಬಿಯಾ 2020ರ ನವೆಂಬರಿನಲ್ಲಿ ಬಾಂಡಿನ ಬಡ್ಡಿ ಕಟ್ಟದೆ ನಿಂತಿತು, ಬಾಂಡ್ ಹಿಡಿದವರ ಜೊತೆ ಲೆಕ್ಕ ಮುಗಿದಿದ್ದು 2024ರ ಜೂನ್‌ಗೆ. ಹೆಚ್ಚುಕಡಿಮೆ ಮೂರೂವರೆ ವರ್ಷ ಆಸ್ಪತ್ರೆಗೆ, ಶಾಲೆಗೆ ಎಲ್ಲಿಂದ ದುಡ್ಡು ತಂದರೋ. ಇಥಿಯೋಪಿಯಾ 2023ರ ಡಿಸೆಂಬರಿನಲ್ಲಿ ಬರೀ 3.3 ಕೋಟಿ ಡಾಲರ್ ಬಡ್ಡಿ ತಪ್ಪಿಸಿತು. ಸಾಲ ಕೊಟ್ಟ ದೇಶಗಳು ಸಾಲ ಸಡಿಲಿಸಲು ಹೋದ ತಿಂಗಳಷ್ಟೇ ತಾತ್ವಿಕವಾಗಿ ಒಪ್ಪಿವೆ, ಬಾಂಡ್ ಹಿಡಿದವರು ಇನ್ನೂ ಒಪ್ಪಿಲ್ಲ. ನಿಮಗೆ ಸಾಲ ತೀರಿಸುವ ಶಕ್ತಿ ಇದೆ, ಅಸಲಿನಲ್ಲಿ ಯಾಕೆ ಬಿಡಬೇಕು ಎಂದು ಅವರ ವಾದ. ಶಕ್ತಿ ಅಂದರೆ ಯಾರ ಶಕ್ತಿ, ಅಲ್ಲಿನ ಯಾವ ಅಮ್ಮನ ಯಾವ ಉಳಿತಾಯ ನೋಡಿ ಈ ಮಾತು ಹೇಳುತ್ತಿದ್ದಾರೆ, ಆ ಲೆಕ್ಕವನ್ನು ಒಮ್ಮೆ ತೋರಿಸಲಿ.