ರೋಸಾ ಪಾರ್ಕ್ಸ್‌ಗೆ ಅವತ್ತು ಕಾಲು ನೋಯುತ್ತಿತ್ತಾ?

ಮಕ್ಕಳ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟಗಾರರ ಮಾಲೆಯಲ್ಲಿ ರೋಸಾ ಪಾರ್ಕ್ಸ್ ನನ್ನ ಪಾಲಿಗೆ ಬಂದರು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಬಟ್ಟೆ ಹೊಲಿದು ದಣಿದ ಕಪ್ಪು ಹೆಂಗಸು, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ, ಚಳವಳಿ ಶುರುವಾಯಿತು. ಕೊನೆ ಪುಟಕ್ಕೆ ‘ಯೋಚಿಸಿ ನೋಡಿ’ ಅಂತ ನಾಲ್ಕು ಪ್ರಶ್ನೆ ಸೇರಿಸಿ ಕೈ ತೊಳೆದುಕೊಂಡೆ.

ಅಚ್ಚಿಗೆ ಕಳಿಸುವ ಮೊದಲು ಕೆಲವು ಮಕ್ಕಳಿಗೆ ಓದಿ ಹೇಳುವುದು ನಮ್ಮ ರೂಢಿ. ನಾಲ್ಕೂ ಪ್ರಶ್ನೆಗೆ ಒಂದೇ ಉತ್ತರ ಬಂತು: ‘ಅವರಿಗೆ ಧೈರ್ಯ ಇತ್ತು.’ ಆಮೇಲೆ ಒಂಬತ್ತು ವರ್ಷದ ಹುಡುಗಿ ಕೇಳಿದಳು, ‘ಅವತ್ತು ಕಾಲು ನೋಯದಿದ್ದರೆ ಎದ್ದುಬಿಡ್ತಿದ್ರಾ?’

ತಬ್ಬಿಬ್ಬಾದೆ. ತಪ್ಪು ಅವಳದಲ್ಲ, ನಾವು ಹೇಳಿದ್ದೇ ಹಾಗಿತ್ತು. ದೇಹಕ್ಕೆ ದಣಿವಾಗಿರಲಿಲ್ಲ, ತಗ್ಗಿ ತಗ್ಗಿ ಸಾಕಾಗಿತ್ತು ಅಂತ ಪಾರ್ಕ್ಸ್ ಅವರೇ ಮುಂದೆ ಬರೆದಿದ್ದಾರೆ. 1955ರ ಡಿಸೆಂಬರ್ 1ರಂದು ಅವರಿಗೆ 42 ವರ್ಷ. ಅವರ ಊರಾದ ಮಾಂಟ್‌ಗೊಮರಿಯಲ್ಲಿ, ಕಪ್ಪು ಜನರ ಹಕ್ಕಿಗಾಗಿ ದುಡಿಯುವ ಎನ್‌ಎಎಸಿಪಿ ಸಂಘಟನೆಯ ಶಾಖೆಗೆ 1943ರಲ್ಲೇ ಕಾರ್ಯದರ್ಶಿಯಾಗಿದ್ದವರು. ಅಷ್ಟು ವರ್ಷದ ಕೆಲಸವನ್ನು ನಾವು ಕಾಲುನೋವು ಮಾಡಿಟ್ಟಿದ್ದೆವು!

ಇನ್ನೊಂದನ್ನೂ ಬಿಟ್ಟಿದ್ದೆವು. ಅದೇ ಊರಿನಲ್ಲಿ, ಒಂಬತ್ತು ತಿಂಗಳು ಮೊದಲು, 15 ವರ್ಷದ ಕ್ಲಾಡೆಟ್ ಕಾಲ್ವಿನ್ ಕೂಡ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದಳು. ಅವಳನ್ನು ಚಳವಳಿಯ ಮುಖವಾಗಿ ನಿಲ್ಲಿಸಲು ಹಿರಿಯರು ಹಿಂಜರಿದರು. ಆದರೆ ಬಸ್ಸಿನಲ್ಲಿದ್ದ ವರ್ಣಭೇದವನ್ನು ರದ್ದು ಮಾಡಿಸಿದ ಮೊಕದ್ದಮೆಯಲ್ಲಿ ಅವಳ ಹೆಸರಿತ್ತು, ಪಾರ್ಕ್ಸ್ ಹೆಸರಿರಲಿಲ್ಲ. ‘ಇದನ್ನೆಲ್ಲ ಹಾಕಿದರೆ ನಾಯಕರು ಸಣ್ಣವರಾಗಿ ಕಾಣಲ್ವಾ?’ ಅಂದರು ಸಹೋದ್ಯೋಗಿ. ಅವರ ಅಳುಕು ಸುಳ್ಳಲ್ಲ. ಆದರೂ ಹಾಕಿದೆವು. ಹಿರಿಯರು ಮಾಡಿದ್ದು ಸರಿಯೋ ತಪ್ಪೋ ಅಂತ ನಾವು ತೀರ್ಪು ಕೊಡಲಿಲ್ಲ. ಹಾಗೆ ಸುಮ್ನಿರುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಪ್ಯಾರಾ ಕೊನೆಗೆ ಒಂದು ಬುದ್ಧಿಮಾತು ಸೇರಿಸಲು ಕೈ ತುರಿಸುತ್ತಲೇ ಇತ್ತು.

ಪಾರ್ಕ್ಸ್ ಬಂಧನದ ನಂತರ ಊರಿನ ಕಪ್ಪು ಜನ ನಡೆಸಿದ 381 ದಿನದ ಬಸ್ ಬಹಿಷ್ಕಾರಕ್ಕೆ ಎರಡು ಪುಟ ಜಾಸ್ತಿ ಕೊಟ್ಟೆವು. ಆ ನಾಲ್ಕು ಪ್ರಶ್ನೆ ತೆಗೆದು, ಅಲ್ಲಿ ಬಸ್ಸಿನೊಳಗಿನ ನಕ್ಷೆ ಬರೆಸಿದೆ. ಮುಂದಿನ 10 ಸೀಟು ಬಿಳಿಯರಿಗೆ. ಪಾರ್ಕ್ಸ್ ಕೂತದ್ದು ಅದರ ಹಿಂದಿನ ಸಾಲಿನಲ್ಲಿ. ನಿಂತಿದ್ದ ಒಬ್ಬ ಬಿಳಿಯನಿಗಾಗಿ ಆ ಸಾಲಿನ ನಾಲ್ವರೂ ಏಳಬೇಕು ಅಂದ ಚಾಲಕ. ಮೂವರು ಎದ್ದರು.

ಎರಡನೇ ಸಲ ಓದಿದಾಗ ಮಕ್ಕಳು ಪಾರ್ಕ್ಸ್ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಎದ್ದ ಆ ಮೂವರು ಪುಕ್ಕಲರಾ, ಅಲ್ವಾ ಅಂತ ಅರ್ಧ ಗಂಟೆ ಜಗಳ ಮಾಡಿದರು.